ಅಟ್ಟ ಸೇರಿದ ಗುಲಾಬಿ ಸೈಕಲ್

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ನಾಲ್ಕು ವರ್ಷದ ಹಿಂದೆ ಮಗಳ ಹಟಕ್ಕೆ ಮಣಿದು ಗುಲಾಬಿ ಬಣ್ಣದ ಚಿಕ್ಕ ಸೈಕಲ್ ಕೊಡಿಸಿದ್ದೆ. ಈಗ ಅದು ಅವಳಿಗೆ ಸಾಲದು. ಮಗನಿಗೆ ಕೊಡೋಣವೆಂದರೆ ಅವನು "ಅದು ಹುಡುಗಿಯರ ಸೈಕಲ್, ನಾನು ಹತ್ತುವುದಿಲ್ಲ" ಎಂದು ಹಟ ಹಿಡಿದಿದ್ದಾನೆ. ಗಟ್ಟಿಯಾದ ಸೈಕಲ್ ಅಟ್ಟ ಸೇರಿದೆ. ಮಗಳ ಗೊಂಬೆ, ಶಾಲೆಯ ಚೀಲ, ನೀರಿನ ಬಾಟಲಿ, ಚಪ್ಪಲಿ ಎಲ್ಲವೂ ಅದೇ ಬಣ್ಣ. ಮನೆಯಲ್ಲಿ ಯಾರೂ ಹೇಳಿಕೊಟ್ಟಿದ್ದಲ್ಲ. ಹೆಣ್ಣುಮಕ್ಕಳಿಗೆ ಗುಲಾಬಿ ಇಷ್ಟವಾಗುವುದು ಹುಟ್ಟುಗುಣವೇ? ಇದೆಲ್ಲ ಗೊಂಬೆ ಕಂಪನಿಗಳ ಕೈವಾಡ ಎನ್ನುತ್ತಾರೆ ನನ್ನ ಮನೆಯವರು. ಸೈಕಲ್‌ಗೆ ಬೇರೆ ಬಣ್ಣ ಹೊಡೆಸಲೇ, ಹೊಸದೇ ಕೊಡಿಸಲೇ?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ಹೊಸದು ಕೊಡಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ನೀವು ಕೇಳಿದ್ದು ಬಣ್ಣದ ಬಗ್ಗೆ. ಆದರೆ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು "ಅಟ್ಟ ಸೇರಿದೆ" ಎಂಬಲ್ಲಿ. ಒಂದು ಗಟ್ಟಿಮುಟ್ಟಾದ ಸೈಕಲ್ ಕೆಲಸಕ್ಕೆ ಬಾರದಂತಾಗಬೇಕಾದರೆ ಅದಕ್ಕೆ ತುಕ್ಕು ಹಿಡಿಯಬೇಕು, ಇಲ್ಲವೇ ಬೆಸುಗೆ ಬಿಡಬೇಕು. ನಿಮ್ಮ ಮನೆಯಲ್ಲಿ ಆ ಕೆಲಸವನ್ನು ಬಣ್ಣವೊಂದೇ ಮಾಡಿ ಮುಗಿಸಿದೆ. ಮಾರುವವನಿಗೆ ಇದಕ್ಕಿಂತ ಲಾಭದ ತುಕ್ಕು ಇನ್ನೊಂದಿಲ್ಲ.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿಯೇ, ಹತ್ತಿ ಗಿರಣಿಗಳ ಸೈರನ್ನಿಗೆ ಊರು ಏಳುತ್ತಿದ್ದ ಕಾಲದಲ್ಲಿ. ತಂದೆ ಗಿರಣಿಯ ಬಣ್ಣ ಹಾಕುವ ವಿಭಾಗದಲ್ಲಿದ್ದರು. ನಾನು ಮುಂದೆ ವಸ್ತ್ರಗಳ ಬಣ್ಣಗಾರಿಕೆಯನ್ನೇ ಪಾಠ ಮಾಡಿ ನಿವೃತ್ತನಾದೆ. ಮನೆಯಲ್ಲಿ ನಾವು ಐವರು ಮಕ್ಕಳು. ದೀಪಾವಳಿಗೆ ಒಂದೇ ತಾನಿನಿಂದ ಬಟ್ಟೆ ಹರಿಸಿ ಎಲ್ಲರಿಗೂ ಹೊಲಿಸುತ್ತಿದ್ದರು: ಅಕ್ಕಂದಿರಿಗೆ ಲಂಗ, ನಮಗೆ ಅಂಗಿ, ಮಿಕ್ಕ ತುಂಡಿನಲ್ಲಿ ದಿಂಬಿನ ಚೀಲ. ಒಂದು ವರ್ಷ ಆ ತಾನು ಗುಲಾಬಿ ಚೌಕಳಿಯದು. ಓಣಿಯವರು ನಮ್ಮನ್ನು ನೋಡಿ "ಬ್ಯಾಂಡ್ ಸೆಟ್ ಬಂತು" ಎಂದು ನಕ್ಕದ್ದು ನೆನಪಿದೆ. ನಕ್ಕದ್ದು ಐವರೂ ಒಂದೇ ಬಟ್ಟೆಯಲ್ಲಿದ್ದುದಕ್ಕೆ. ಗಂಡುಹುಡುಗರು ಗುಲಾಬಿ ತೊಟ್ಟರೆಂದು ನಗಬೇಕೆಂಬುದು ಆಗ ಯಾರಿಗೂ ಹೊಳೆದಿರಲಿಲ್ಲ. ಆ ಅಂಗಿ ಅಣ್ಣನಿಂದ ನನಗೆ, ನನ್ನಿಂದ ತಮ್ಮನಿಗೆ ಇಳಿದು, ಕೊನೆಗೆ ಒಲೆ ಒರೆಸುವ ಅರಿವೆಯಾಯಿತು.

ಇಂಥ ಇಳಿಕೆಗೆ ಅಡ್ಡ ಬರುವುದು ಲಿಂಗಕ್ಕೊಂದು ಬಣ್ಣ ಎಂಬ ಕಟ್ಟಳೆ. ಅದು ಹೇಗೆ ಹುಟ್ಟಿತು ಎಂಬುದನ್ನು ಅಮೆರಿಕದ ಕಥೆಯಿಂದಲೇ ಹೇಳಬೇಕಾಗುತ್ತದೆ. ಅಲ್ಲಿ 19ನೇ ಶತಮಾನದಲ್ಲಿ ಗಂಡು ಹೆಣ್ಣೆನ್ನದೆ ಎಳೆಯ ಮಕ್ಕಳಿಗೆ ಬಿಳಿಯ ನಿಲುವಂಗಿ ಹಾಕುತ್ತಿದ್ದರು. ಕಾರಣ ಸರಳ: ಬಿಳಿ ಬಟ್ಟೆಯನ್ನು ಕುದಿಸಿ ಒಗೆಯಬಹುದು. ಮಕ್ಕಳ ಉಡುಪಿಗೆ ತಿಳಿಬಣ್ಣಗಳು ಬಂದಾಗ ಯಾವುದು ಯಾರಿಗೆ ಎಂಬುದರಲ್ಲಿ ಒಮ್ಮತವಿರಲಿಲ್ಲ. 1918ರ ಜೂನ್‌ನಲ್ಲಿ ಅಲ್ಲಿನ ಒಂದು ಉಡುಪು ವ್ಯಾಪಾರದ ಪತ್ರಿಕೆ, ಗುಲಾಬಿ ಗಟ್ಟಿ ಬಣ್ಣವಾದ್ದರಿಂದ ಗಂಡುಮಕ್ಕಳಿಗೆ, ನೀಲಿ ನಾಜೂಕಾದ್ದರಿಂದ ಹೆಣ್ಣುಮಕ್ಕಳಿಗೆ ಎಂದು ಬರೆದಿತ್ತು. 1927ರಲ್ಲಿ ಟೈಮ್ ಪತ್ರಿಕೆ ದೊಡ್ಡ ದೊಡ್ಡ ಅಂಗಡಿಗಳನ್ನು ವಿಚಾರಿಸಿದಾಗ ಒಂದೊಂದು ಊರಿನ ಅಂಗಡಿ ಒಂದೊಂದು ಹೇಳಿತು. ಇದನ್ನೇ ಹಿಡಿದುಕೊಂಡು "ಹಿಂದೆ ಎಲ್ಲವೂ ತಿರುಗುಮುರುಗಾಗಿತ್ತು" ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರಿದ್ದಾರೆ. ಅದು ಅತಿಯಾಯಿತು. 2012ರಲ್ಲಿ ಮಾರ್ಕೊ ಡೆಲ್ ಜುಡಿಚೆ ಎಂಬ ಸಂಶೋಧಕರು ಹಳೆಯ ಪುಸ್ತಕರಾಶಿಯನ್ನು ಜಾಲಾಡಿ, ಹುಡುಗಿಗೆ ಗುಲಾಬಿ ಎಂಬ ರೂಢಿ ಆಗಲೂ ಇತ್ತು, ಪೂರ್ತಿ ಅದಲುಬದಲಾದದ್ದಕ್ಕೆ ಆಧಾರವಿಲ್ಲ ಎಂದು ತೋರಿಸಿದರು. ರೂಢಿ ಇತ್ತು, ಬಿಗಿ ಇರಲಿಲ್ಲ ಎಂದರೆ ಸರಿಯಾದೀತು.

ಬಿಗಿ ಬಂದದ್ದು ಎರಡನೆಯ ಮಹಾಯುದ್ಧದ ನಂತರ. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರ ಪತ್ನಿ ಮೇಮಿ ಪದಗ್ರಹಣದ ಸಮಾರಂಭಕ್ಕೆ ಹರಳು ಕೂರಿಸಿದ ಗುಲಾಬಿ ಗೌನ್ ತೊಟ್ಟು ಬಂದರು. ಅದರ ಬೆನ್ನಿಗೆ ಅಲ್ಲಿನ ಮಧ್ಯಮವರ್ಗದ ಬಚ್ಚಲುಮನೆಗಳೂ ಗುಲಾಬಿಯಾದವು. ಆದರೆ ನಿಮ್ಮ ಸೈಕಲ್‌ಗೆ ನೇರ ಸಂಬಂಧವಿರುವುದು 1980ರ ದಶಕ. ಗರ್ಭದಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಸ್ಕ್ಯಾನಿಂಗ್‌ನಲ್ಲಿ ತಿಳಿಯುವುದು ಅಲ್ಲಿ ಆಗ ಸಾಮಾನ್ಯವಾಯಿತು. ತಿಳಿದ ಮೇಲೆ ತಾಯ್ತಂದೆ ಅಂಗಡಿಗೆ ಓಡಿದರು. ತೊಟ್ಟಿಲು, ಹಾಸಿಗೆ, ಗೋಡೆಯ ಬಣ್ಣ ಎಲ್ಲವೂ ಮಗು ಬರುವ ಮೊದಲೇ ಸಿದ್ಧ. ಎರಡನೆಯ ಮಗು ಬೇರೆ ಲಿಂಗದ್ದಾದರೆ ಮೊದಲನೆಯದರ ಸಾಮಾನು ನಿಷ್ಪ್ರಯೋಜಕ. ಮತ್ತೊಮ್ಮೆ ಎಲ್ಲವನ್ನೂ ಕೊಳ್ಳಬೇಕು.

ನಮ್ಮಲ್ಲಿ ಈ ಬಾಗಿಲು ತೆರೆಯಲೇ ಇಲ್ಲ. ಹೆಣ್ಣು ಭ್ರೂಣದ ಹತ್ಯೆ ತಡೆಯಲು 1994ರಲ್ಲಿ ಬಂದ ಕಾನೂನು ಲಿಂಗ ಪತ್ತೆಯನ್ನೇ ನಿಷೇಧಿಸಿದೆ. ದಾವಣಗೆರೆಯ ಯಾವ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದರೂ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಎಂಬ ಫಲಕ ಕಾಣುತ್ತದೆ. ಆ ಘೋರ ಕಾರಣಕ್ಕೆ ಬಂದ ಕಾನೂನಿನಿಂದ ಇದೊಂದು ಸಣ್ಣ ಉಪಕಾರವೂ ಆಗಿದೆ. ಅದಕ್ಕೂ ಹಿಂದಿನಿಂದ ನಮ್ಮ ಅಜ್ಜಿಯರ ಕಟ್ಟಳೆಯೊಂದು ಇದ್ದೇ ಇದೆ: ಹುಟ್ಟುವ ಮೊದಲು ಮಗುವಿಗೆ ಬಟ್ಟೆ ತರಬಾರದು. ಹುಟ್ಟಿದ ಕೂಸಿಗೆ ಮೊದಲು ಸುತ್ತುವುದು ಒಗೆದೊಗೆದು ಮೆತ್ತಗಾದ ಹಳೆಯ ಹತ್ತಿ ಸೀರೆಯ ತುಂಡು. ಅದರ ಬಣ್ಣ ಅಜ್ಜಿಯ ಸೀರೆ ಯಾವುದಿತ್ತೋ ಅದು. ಹಾಗಾಗಿ ನಮ್ಮ ಮನೆಗಳಿಗೆ ಗುಲಾಬಿ ಕಟ್ಟಳೆ ಬಂದದ್ದು ತೊಟ್ಟಿಲಿನ ಜೊತೆಗಲ್ಲ, ತಡವಾಗಿ, ಆಟಿಕೆಯ ಪೆಟ್ಟಿಗೆಯೊಳಗೆ ಕೂತು.

ಇಲ್ಲಿ ನಿಮ್ಮ ಮನೆಯವರ ವಾದಕ್ಕೆ ಬರೋಣ. ಅವರ ಮಾತು ಮುಕ್ಕಾಲು ಸರಿ. ಆದರೆ ಗುಲಾಬಿಯ ಜೊತೆ ಎಲ್ಲರೂ ಹೆಸರು ಹೇಳುವ ಆ ಗೊಂಬೆ ಹುಟ್ಟಿದಾಗ ಗುಲಾಬಿ ತೊಟ್ಟಿರಲಿಲ್ಲ. ಮ್ಯಾಟೆಲ್ ಎಂಬ ಆಟಿಕೆ ಕಂಪನಿಯ ರೂತ್ ಹ್ಯಾಂಡ್ಲರ್ 1959ರ ಮಾರ್ಚ್ 9ರಂದು ನ್ಯೂಯಾರ್ಕ್‌ನ ಆಟಿಕೆ ಮೇಳದಲ್ಲಿ ಬಾರ್ಬಿಯನ್ನು ಮೊದಲು ಮುಂದಿಟ್ಟಾಗ ಅವಳ ಮೈಮೇಲಿದ್ದದ್ದು ಕಪ್ಪುಬಿಳಿ ಪಟ್ಟೆಯ ಈಜುಡುಗೆ. ಅವಳ ಮೂಲ ಇನ್ನೂ ವಿಚಿತ್ರ: ಜರ್ಮನಿಯಲ್ಲಿ ದೊಡ್ಡವರ ವಿನೋದಕ್ಕೆಂದು ಮಾರುತ್ತಿದ್ದ ಲಿಲ್ಲಿ ಎಂಬ ಗೊಂಬೆಯನ್ನು ಹ್ಯಾಂಡ್ಲರ್ ಯುರೋಪ್ ಪ್ರವಾಸದಲ್ಲಿ ಕಂಡು ಕೊಂಡು ತಂದಿದ್ದರು. 1962ರಲ್ಲಿ ಬಂದ ಬಾರ್ಬಿಯ ಮೊದಲ ಮನೆ ಮಡಚಿಡುವ ರಟ್ಟಿನದು. ಅದರಲ್ಲಿ ಪುಸ್ತಕದ ಕಪಾಟಿತ್ತು, ಟಿವಿ ಇತ್ತು, ಒಬ್ಬರೇ ಮಲಗುವ ಹಾಸಿಗೆ ಇತ್ತು. ಅಡುಗೆಮನೆ ಇರಲಿಲ್ಲ! ಆ ಕಾಲಕ್ಕೆ ಅದು ದೊಡ್ಡ ಮಾತು. ಗುಲಾಬಿ ಆಗ ಹಲವು ಬಣ್ಣಗಳಲ್ಲಿ ಒಂದಾಗಿತ್ತು, ಅಷ್ಟೆ.

1977ರಲ್ಲಿ ಹೊಳೆಯುವ ಗುಲಾಬಿ ಗೌನ್ ತೊಟ್ಟ "ಸೂಪರ್‌ಸ್ಟಾರ್" ಬಾರ್ಬಿ ಬಂದಳು. ಆ ಹೊತ್ತಿನಿಂದ ಪೆಟ್ಟಿಗೆ, ಅಕ್ಷರ, ಕಾರು, ಮನೆ ಒಂದೊಂದಾಗಿ ಆ ಬಣ್ಣಕ್ಕೆ ತಿರುಗಿದವು. ಇದು ಅಂಗಡಿಯ ಕಪಾಟಿನ ಲೆಕ್ಕಾಚಾರ. ಓದಲು ಬಾರದ ಮಗುವಿಗೆ ಹತ್ತು ಮಾರು ದೂರದಿಂದಲೇ "ಇದು ನಿನ್ನ ಸಾಲು" ಎಂದು ಹೇಳಬೇಕಾದರೆ ಬಣ್ಣಕ್ಕಿಂತ ದೊಡ್ಡ ಫಲಕವಿಲ್ಲ. ಇಂದು ಪ್ಯಾಂಟೋನ್ ಬಣ್ಣಪಟ್ಟಿಯ 219ನೇ ಸಂಖ್ಯೆಯನ್ನು ಬಾರ್ಬಿ ಗುಲಾಬಿ ಎಂದೇ ಕರೆಯುತ್ತಾರೆ. 2023ರಲ್ಲಿ ಗ್ರೆಟಾ ಗರ್ವಿಗ್ ನಿರ್ದೇಶನದ "ಬಾರ್ಬಿ" ಚಿತ್ರ ಬರುವ ಮುನ್ನ ರಸ್ತೆಬದಿಯ ಕೆಲವು ಫಲಕಗಳಲ್ಲಿ ಗುಲಾಬಿ ಬಳಿದು "ಜುಲೈ 21" ಎಂದಷ್ಟೇ ಬರೆದಿದ್ದರು. ಹೆಸರೂ ಇಲ್ಲ, ಮುಖವೂ ಇಲ್ಲ, ಆದರೂ ಜನ ಓದಿಕೊಂಡರು. ಬೇರೆ ಯಾವ ಸರಕಿಗೆ ಇಂಥ ಭಾಗ್ಯವಿದೆ ಹೇಳಿ? ಆ ಚಿತ್ರದ ಚಿತ್ರೀಕರಣದಿಂದ ಪ್ರಪಂಚದಲ್ಲಿ ಗುಲಾಬಿ ಪೇಂಟೇ ಮುಗಿದುಹೋಯಿತು ಎಂಬ ಸುದ್ದಿಯನ್ನು ನೀವೂ ಓದಿರಬಹುದು. ಬಣ್ಣ ಪೂರೈಸಿದ ಕಂಪನಿಯ ದಾಸ್ತಾನು ಕೊರೋನಾ ಕಾಲದಲ್ಲಿ, ಟೆಕ್ಸಾಸ್‌ನ ಹಿಮಪಾತದಲ್ಲಿ ಮೊದಲೇ ಸೊರಗಿತ್ತು. ಅದಕ್ಕೆ ಚಿತ್ರದ ಖರ್ಚು ಸೇರಿ ಒಳ್ಳೆಯ ಸುದ್ದಿಯಾಯಿತು.

ಹಾಗೆಂದು ಗುಲಾಬಿ ಬಾರ್ಬಿ ಕಂಪನಿಯ ಆಸ್ತಿಯಲ್ಲ. ಅಮೆರಿಕದಲ್ಲಿ ಒಂದು ಬಣ್ಣವನ್ನೇ ವ್ಯಾಪಾರ ಚಿಹ್ನೆಯಾಗಿ ಒಪ್ಪಿದ ಮೊದಲ ಪ್ರಕರಣ ಗುಲಾಬಿಯದೇ. ಅದು ಗೊಂಬೆಗಲ್ಲ, ಗೋಡೆಯೊಳಗೆ ಚಳಿ ತಡೆಯಲು ತುಂಬುವ ಗಾಜಿನ ನಾರಿಗೆ, 1985ರಲ್ಲಿ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ವಿದ್ಯಾರ್ಥಿಗಳು ನಂಬುತ್ತಿರಲಿಲ್ಲ.

ಗಂಡುಮಕ್ಕಳ ಕಡೆಯೂ ಇದೇ ಜಾಣತನ ನಡೆಯಿತು. ಗಂಡುಮಕ್ಕಳಿಗೆ ಗೊಂಬೆ ಎಂದರೆ ತಂದೆಯರು ಕೊಳ್ಳಲಾರರು ಎಂದು 1964ರಲ್ಲಿ ಹ್ಯಾಸ್ಬ್ರೊ ಕಂಪನಿ ತನ್ನ ಸೈನಿಕ ಗೊಂಬೆಗೆ "ಆ್ಯಕ್ಷನ್ ಫಿಗರ್" ಎಂದು ಹೆಸರಿಟ್ಟಿತು. ಬಟ್ಟೆ ತೊಡಿಸಿ ಬಿಚ್ಚುವ ಆಟ ಅದೇ, ಕರೆಯುವ ಹೆಸರು ಬೇರೆ.

ಹೋದ ಸಲ ದಾವಣಗೆರೆಗೆ ಬಂದಾಗ ಮೊಮ್ಮಗಳಿಗೆ ಉಡುಗೊರೆ ಹುಡುಕುತ್ತಾ ಆಟಿಕೆ ಅಂಗಡಿಯೊಂದಕ್ಕೆ ಹೋಗಿದ್ದೆ. ಡಾಕ್ಟರ್ ಸೆಟ್ಟುಗಳು ಎರಡು ಬಣ್ಣದಲ್ಲಿದ್ದವು. ಅಂಗಡಿಯವರ ಒಪ್ಪಿಗೆ ಪಡೆದು ಎರಡನ್ನೂ ಗಾಜಿನ ಮೇಜಿನ ಮೇಲೆ ಬಿಚ್ಚಿಟ್ಟೆ. ಸ್ಟೆತಸ್ಕೋಪು, ಸೂಜಿಯಿಲ್ಲದ ಸಿರಿಂಜು, ಥರ್ಮಾಮೀಟರ್, ಕತ್ತರಿ. ಒಂದೇ ಅಚ್ಚಿನವು. ಸಿರಿಂಜಿನ ಬದಿಯಲ್ಲಿ ಅಚ್ಚು ಕೂಡಿದ ಕಡೆ ಉಳಿದಿದ್ದ ಪ್ಲಾಸ್ಟಿಕ್ಕಿನ ಎಸಳು ಕೂಡ ಎರಡರಲ್ಲೂ ಅದೇ ಜಾಗದಲ್ಲಿತ್ತು. ಗುಲಾಬಿ ಪೆಟ್ಟಿಗೆಯಲ್ಲಿ ಮಾತ್ರ ರೋಗ ಪರೀಕ್ಷೆಯ ಸಾಮಾನಿನ ನಡುವೆ ಒಂದು ಬಾಚಣಿಗೆ, ಒಂದು ಕನ್ನಡಿ. ಡಾಕ್ಟರಿಗೆ ಬಾಚಣಿಗೆ ಏಕೆ ಎಂದು ಕೇಳಿದೆ. "ಸಾರ್, ಹೆಣ್ಣುಮಕ್ಕಳ ಸೆಟ್ ಅದು" ಎಂದರು ಅಂಗಡಿಯವರು, ನನ್ನ ಪ್ರಶ್ನೆಯೇ ವಿಚಿತ್ರ ಎನ್ನುವಂತೆ.

ಬೆಲೆ ಅಲ್ಲಿ ಒಂದೇ ಇತ್ತು. ಎಲ್ಲೆಡೆ ಹಾಗಿರುವುದಿಲ್ಲ. ನ್ಯೂಯಾರ್ಕ್ ನಗರದ ಗ್ರಾಹಕ ಇಲಾಖೆ 2015ರಲ್ಲಿ ಸುಮಾರು 800 ಸರಕುಗಳನ್ನು ಜೋಡಿಜೋಡಿಯಾಗಿ ಹೋಲಿಸಿತು. ಹೆಂಗಸರಿಗೆ, ಹುಡುಗಿಯರಿಗೆ ಎಂದು ಮಾರುವ ಸರಕು ಸರಾಸರಿ ಶೇ 7ರಷ್ಟು ದುಬಾರಿಯಾಗಿತ್ತು. ಮಕ್ಕಳು ಕಾಲಿನಿಂದ ತಳ್ಳಿಕೊಂಡು ಹೋಗುವ ಒಂದೇ ಬಗೆಯ ಸ್ಕೂಟರ್ ಕೆಂಪಾದರೆ 24.99 ಡಾಲರ್, ಗುಲಾಬಿಯಾದರೆ 49.99 ಡಾಲರ್! ಇದನ್ನು ಗುಲಾಬಿ ತೆರಿಗೆ ಎನ್ನುತ್ತಾರೆ. ನಿಮ್ಮ ಮನೆ ತೆರುತ್ತಿರುವುದು ಅದರ ಇನ್ನೊಂದು ಬಗೆ: ಒಂದು ಸೈಕಲ್ ಸಾಕಾಗುವ ಕಡೆ ಎರಡು.

ಇನ್ನು ಹುಟ್ಟುಗುಣದ ಮಾತು. ಏಳು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳ ಮುಂದೆ ಬೇರೆ ಬೇರೆ ಬಣ್ಣದ ವಸ್ತುಗಳ ಜೋಡಿಯನ್ನಿಟ್ಟು ಅಮೆರಿಕದಲ್ಲಿ ಪರೀಕ್ಷಿಸಿದರು. 2011ರಲ್ಲಿ ಅದು ಪ್ರಕಟವಾಯಿತು. ಹಸುಗೂಸುಗಳಲ್ಲಿ ಹೆಣ್ಣುಗಂಡಿನ ವ್ಯತ್ಯಾಸ ಕಾಣಲಿಲ್ಲ. ಎರಡು, ಎರಡೂವರೆ ವರ್ಷದ ಹೊತ್ತಿಗೆ ಹುಡುಗಿಯರು ಗುಲಾಬಿಯ ಕಡೆ ಕೈ ಚಾಚತೊಡಗಿದರು, ಹುಡುಗರು ಅದನ್ನು ದೂರವಿಡತೊಡಗಿದರು. ತಾನು ಹುಡುಗ, ತಾನು ಹುಡುಗಿ ಎಂಬ ತಿಳಿವು ಮೂಡುವ ವಯಸ್ಸೂ ಅದೇ. 2021ರಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಪೆರುವಿನ ಅಮೆಜಾನ್ ಕಾಡಂಚಿನ ಶಿಪಿಬೊ ಜನ, ಪೆಸಿಫಿಕ್ ಸಾಗರದ ದ್ವೀಪದೇಶ ವನುವಾಟುವಿನ ಹಳ್ಳಿಗರು, ಕಾಂಗೋ ಕಾಡಿನ ಬಯಾಕಾ ಜನ, ಇವರ ಮಕ್ಕಳಲ್ಲಿ ಗುಲಾಬಿಯ ವಿಷಯದಲ್ಲಿ ಹುಡುಗ ಹುಡುಗಿ ಎಂಬ ಭೇದವೇ ಇರಲಿಲ್ಲ. ಹೋಲಿಕೆಗೆ ತೆಗೆದುಕೊಂಡ ಆಸ್ಟ್ರೇಲಿಯಾದ ನಗರದ ಮಕ್ಕಳಲ್ಲಿ ಇತ್ತು. ರಕ್ತದಲ್ಲೇ ಇರುವ ಗುಣವಾದರೆ ಕಾಡಿನ ಹುಡುಗಿಯನ್ನು ಬಿಟ್ಟು ಪೇಟೆಯ ಹುಡುಗಿಯನ್ನಷ್ಟೇ ಹಿಡಿಯುವುದು ಹೇಗೆ?

"ಮನೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲ" ಎಂದಿದ್ದೀರಿ. ಅದು ನಿಜವೇ. ಆದರೆ ಬಾಲವಾಡಿಯ ಗೋಡೆ, ಬಿಸ್ಕತ್ತಿನ ಪೊಟ್ಟಣ, ಮೊಬೈಲಿನ ಹಾಡಿನ ವಿಡಿಯೊ, ಹುಟ್ಟುಹಬ್ಬದ ಕೇಕು ಎಲ್ಲವೂ ಹೇಳುತ್ತಲೇ ಇರುತ್ತವೆ. ಮೇಲಾಗಿ ಮಕ್ಕಳೇ ಪರಸ್ಪರ ಪೊಲೀಸರು. ಮೂರರಿಂದ ಆರು ವರ್ಷದ ಮಗುವಿಗೆ ಕಟ್ಟಳೆ ಎಂದರೆ ಪ್ರೀತಿ. ಹುಡುಗಿಯರ ಬಟ್ಟೆ ತೊಟ್ಟರೆ ಹುಡುಗಿಯಾಗಿಬಿಡುತ್ತೇನೋ ಎಂಬ ಅನುಮಾನವೂ ಆ ವಯಸ್ಸಿನಲ್ಲಿ ಪೂರ್ತಿ ಹೋಗಿರುವುದಿಲ್ಲ. ನಿಮ್ಮ ಮಗ ಹಟಮಾರಿಯಲ್ಲ. ಹೊಸದಾಗಿ ಕಲಿತ ನಿಯಮವನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದಾನೆ. ಇನ್ನೆರಡು ವರ್ಷದಲ್ಲಿ ಹಿಡಿತ ಸಡಿಲವಾಗುತ್ತದೆ. ಎಂಟು ವರ್ಷದ ಮಗಳ ಗುಲಾಬಿಯೂ ಹೆಚ್ಚು ದಿನದ ಅತಿಥಿಯಲ್ಲ. ಎಷ್ಟೋ ಹುಡುಗಿಯರು ಶಾಲೆಯ ವಯಸ್ಸಿನಲ್ಲಿ ಅದನ್ನು ಬಿಡುತ್ತಾರೆ, ಕೆಲವರು "ಛೀ, ಪಿಂಕಾ" ಎನ್ನುವಷ್ಟು.

ಆ "ಛೀ" ನನಗೆ ಸರಿಬರುವುದಿಲ್ಲ. ಬಣ್ಣ ಹಾಕುವವನ ಮಗನಾಗಿ ಗುಲಾಬಿಯ ಪರವಾಗಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಸೀಮೆಯ ಎರೆಹೊಲದಲ್ಲಿ ಬೆಳೆಯುವ ಕುಸುಬೆ ಗೊತ್ತಲ್ಲ? ಎಣ್ಣೆಗೆಂದು ಬೆಳೆಯುವ ಆ ಮುಳ್ಳುಗಿಡದ ಹೂವಿನಲ್ಲಿ ಗುಲಾಬಿ ಅಡಗಿದೆ. ಒಣಗಿದ ಎಸಳುಗಳನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಮತ್ತೆ ಮತ್ತೆ ಹಿಂಡಬೇಕು. ಮೊದಲು ಹಳದಿ ಹರಿದುಹೋಗುತ್ತದೆ, ಅದನ್ನು ಚೆಲ್ಲಬೇಕು. ನೀರು ತಿಳಿಯಾದ ಮೇಲೆ ಅದೇ ಎಸಳನ್ನು ಸೋಡಾ ನೀರಿನಲ್ಲಿ ನೆನೆಸಿದರೆ ಕಂದುಗೆಂಪು ರಸ ಬಿಡುತ್ತದೆ. ಆ ರಸದಲ್ಲಿ ಹತ್ತಿಯ ನೂಲನ್ನು ಅದ್ದಿ ನಿಂಬೆಹುಳಿ ಹಿಂಡಿದರೆ, ನೋಡುತ್ತಿದ್ದಂತೆಯೇ ನೂಲು ಗುಲಾಬಿಯಾಗುತ್ತದೆ. ಮೂವತ್ತು ವರ್ಷ ಇದನ್ನು ಮಾಡಿ ತೋರಿಸಿದ್ದೇನೆ. ನಿಂಬೆ ಹಿಂಡುವ ಕ್ಷಣಕ್ಕೆ ತರಗತಿ ಒಮ್ಮೆಯೂ ಸುಮ್ಮನಿದ್ದದ್ದಿಲ್ಲ. ಬಿಸಿಲಿಗೆ ಬಲುಬೇಗ ಮಾಸುವ ಬಣ್ಣ ಅದು. ರಾಜಸ್ಥಾನದ ಗಂಡಸರ ಗುಲಾಬಿ ರುಮಾಲುಗಳೂ ಹಿಂದೆ ಕುಸುಬೆಯಲ್ಲೇ ಮಿಂದವು. 1859ರಲ್ಲಿ ಫ್ರಾನ್ಸ್‌ನಲ್ಲಿ ಡಾಂಬರಿನ ಮೂಲದಿಂದ ಮೆಜೆಂಟಾ ಬಣ್ಣ ತಯಾರಾದ ಮೇಲೆ ಕಡುಗುಲಾಬಿ ಅಗ್ಗವಾಯಿತು. ಸೀರೆ ಅಂಗಡಿಯವರು ಇಂದು ರಾಣಿ ಬಣ್ಣ ಎನ್ನುವುದು ಅದರ ಮೊಮ್ಮಗಳು.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆ ಸೀರೆಯಲ್ಲಿ ರಾಣಿ ಬಣ್ಣದ ಒಡಲಿಗೆ ಹಸಿರು ಅಂಚು ಬಿದ್ದರೆ ಅದರಲ್ಲಿ ನಾಜೂಕು ಎಂಬುದೇನಿಲ್ಲ. ಎದುರಿಗೆ ಬಂದವರು ದಾರಿ ಬಿಡಬೇಕು, ಹಾಗಿರುತ್ತದೆ. ಇನ್ನೊಂದಿದೆ, ಅಂಗಡಿಯವರು ಈರುಳ್ಳಿ ಬಣ್ಣ ಎನ್ನುವ ತಿಳಿಗುಲಾಬಿ. ಚಳ್ಳಕೆರೆಯ ಕಡೆ ಈರುಳ್ಳಿ ಕಿತ್ತು ಹೊಲದಲ್ಲಿ ಹರವಿದ್ದನ್ನು ನೋಡಿದವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ. ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರ ಸಮವಸ್ತ್ರ ಗುಲಾಬಿ ಸೀರೆ. ಗೌರವಧನಕ್ಕಾಗಿ ಅವರು ಬೀದಿಗಿಳಿದ ದಿನ ರಸ್ತೆಗೆ ರಸ್ತೆಯೇ ಗುಲಾಬಿ. ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಒಯ್ಯುವ ಸಕ್ಕರೆ ಆರತಿಯ ತಟ್ಟೆಯಲ್ಲಿ ಬಿಳಿ, ಹಳದಿಯ ಜೊತೆ ಗುಲಾಬಿ ಆನೆ, ಗುಲಾಬಿ ತೇರು ಇರುತ್ತವೆ. ಸೊಂಡಿಲು ಮುರಿಯಲೆಂದು ಹಾರೈಸುತ್ತಾ ಹಿಂದೆ ಬರುತ್ತಿದ್ದವರು ನಾವು ಹುಡುಗರು. ಹಾಗೆಯೇ ಹೊಲಕ್ಕೆ ಹೋದರೆ, ಔಷಧಿ ಲೇಪಿಸಿದ ಮೆಕ್ಕೆಜೋಳದ ಬಿತ್ತನೆ ಬೀಜ ಗುಲಾಬಿಯಾಗಿರುತ್ತದೆ, ಬಾಯಿಗೆ ಹಾಕಬೇಡ ಎಂಬ ಅರ್ಥದಲ್ಲಿ. ಜಾತ್ರೆಯ ಬೊಂಬಾಯಿ ಮಿಠಾಯಿಗೆ ಬಟ್ಟೆ, ಕಾಗದದ ಬಣ್ಣವಾದ ರೊಡಮಿನ್-ಬಿ ಹಾಕುತ್ತಿದ್ದಾರೆಂದು 2024ರ ಮಾರ್ಚ್‌ನಲ್ಲಿ ಸರ್ಕಾರ ಕೃತಕ ಬಣ್ಣದ ಮಿಠಾಯಿಯನ್ನು ನಿಷೇಧಿಸಿತಲ್ಲ, ಆ ಗುಲಾಬಿಗೆ ಮಾತ್ರ ನನ್ನ ವಕಾಲತ್ತಿಲ್ಲ.

"ಗುಲಾಬಿ ಎಂದರೆ ಭಾರತದ ನೇವಿ ಬ್ಲೂ" ಎಂದಿದ್ದರು ಅಮೆರಿಕದ ಫ್ಯಾಷನ್ ಸಂಪಾದಕಿ ಡಯಾನಾ ವ್ರೀಲ್ಯಾಂಡ್. ಅವರ ಊರಲ್ಲಿ ಕಡುನೀಲಿ ಹೇಗೋ, ನಮ್ಮಲ್ಲಿ ಗುಲಾಬಿ ಹಾಗೆ, ಯಾರೂ ತೊಡಬಹುದಾದ ದಿನಬಳಕೆಯ ಬಣ್ಣ ಎಂಬ ಅರ್ಥ. ಹೊರಗಿನವರ ಮಾತುಗಳಲ್ಲಿ ಒಪ್ಪಬಹುದಾದದ್ದು ಇದೊಂದು.

ಈಗ ಸೈಕಲ್. ಮಗನಿಗೆ ಭಾಷಣ ಬೇಡ, ಮಗಳಿಂದ ಗುಲಾಬಿಯನ್ನು ಕಿತ್ತುಕೊಳ್ಳುವುದೂ ಬೇಡ. ಸೈಕಲ್ಲನ್ನು ಅಟ್ಟದಿಂದ ಇಳಿಸಿ. ಹಿಡಿಯ ತುದಿಯ ಕುಚ್ಚು, ಮುಂದಿನ ಬುಟ್ಟಿ, ರಾಜಕುಮಾರಿಯ ಸ್ಟಿಕ್ಕರ್ ಇವನ್ನು ಮಗನ ಕೈಯಿಂದಲೇ ಬಿಚ್ಚಿಸಿ; ಸ್ಕ್ರೂಡ್ರೈವರ್ ಕೈಗೆ ಸಿಕ್ಕ ಐದು ವರ್ಷದವನಿಗೆ ಬಣ್ಣದ ನೆನಪಿರುವುದಿಲ್ಲ. ಆಮೇಲೂ ಒಲ್ಲೆ ಎಂದರೆ ಸೈಕಲ್ ಶಾಪಿನಲ್ಲಿ ಉಪ್ಪುಕಾಗದದಿಂದ ಉಜ್ಜಿಸಿ, ಪ್ರೈಮರ್ ಕೊಟ್ಟು, ಅವನು ಹೇಳಿದ ಬಣ್ಣ ಹೊಡೆಸಿ. ನೀಲಿ ಎಂದರೆ ಮಾತ್ರ ಸ್ವಲ್ಪ ಚೌಕಾಸಿ ಮಾಡಿ. ಹಳದಿಯೋ ಹಸಿರೋ ಆದರೆ ಮುಂದೆ ನಿಮ್ಮ ತಂಗಿಯ ಮಗಳಿಗೂ ಹೋದೀತು, ಪಕ್ಕದ ಮನೆಯ ಹುಡುಗನಿಗೂ ಹೋದೀತು. ಬ್ರೇಕಿನ ರಬ್ಬರು, ಟ್ಯೂಬು ಬದಲಾಯಿಸುವುದನ್ನು ಮರೆಯಬೇಡಿ. ಅಟ್ಟದ ಸೆಕೆಗೆ ರಬ್ಬರು ಬಿರುಕು ಬಿಟ್ಟಿರುತ್ತದೆ.

ಬಿಚ್ಚಿದ ಬುಟ್ಟಿಯನ್ನು ಎಸೆಯಬೇಡಿ. ಮಗಳ ದೊಡ್ಡ ಸೈಕಲ್‌ಗೆ ಅದು ಕೂರುತ್ತದೆ. ಅವಳು ಕೇಳಿದರೆ ಮಾತ್ರ ಹಾಕಿ.